ಡಿಫೆಂಡರ್ ಯಾರಾಗ್ತೀರಿ?

ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿರುವ ನಮ್ಮ ಕನ್ನಡಿಗರ ಪತ್ರಿಕೆಯ ಯುಗಾದಿ ಸಂಚಿಕೆ ಇವತ್ತು ರಾತ್ರಿಯೊಳಗೆ ಪ್ರಿಂಟಿಗೆ ಹೋಗಬೇಕು. ಸಂಪಾದಕೀಯದ ಪುಟ ಮಾತ್ರ ಇನ್ನೂ ಖಾಲಿ.

ಹೋದ ವಾರ ನಾಟಕದ ರಿಹರ್ಸಲ್ ನಡೆಯುವಾಗ ಹೊರಗೆ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. ಎಲ್ಲರೂ ಗೋಲ್ ಹೊಡೆಯುವವರೇ. ‘ಒಬ್ಬರಾದ್ರೂ ಹಿಂದೆ ನಿಂತು ಗೋಲ್ ತಡೀರೋ’ ಅಂದೆ. ‘ಡಿಫೆಂಡರ್ ಆದ್ರೆ ಯಾರೂ ವಿಡಿಯೋ ಮಾಡಲ್ಲ ಅಂಕಲ್’ ಅಂದ ಒಬ್ಬ ಪೋರ.

ಪ್ರೆಸ್ಟನ್‌ನಲ್ಲೇ ಬೆಳೆಯುತ್ತಿರುವ ಹುಡುಗ. ಇಲ್ಲಿ ಆಡಿದ ಗ್ರಹಾಂ ಅಲೆಕ್ಸಾಂಡರ್ ಹೆಸರೇ ಕೇಳಿಲ್ಲ. ಅಲೆಕ್ಸಾಂಡರ್ ನಾಲ್ಕನೇ ದರ್ಜೆಯ ಲೀಗಿನ ಕ್ಲಬ್ಬಾದ ಸ್ಕನ್‌ಥೋರ್ಪ್‌ನಲ್ಲಿ ಶುರು ಮಾಡಿ, ಲೂಟನ್‌ಗೆ ಹೋಗಿ, 1999ರಲ್ಲಿ ನಮ್ಮೂರಿಗೆ ಬಂದ ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. 2001ರಲ್ಲಿ ಪ್ರೆಸ್ಟನ್ ಇಲ್ಲಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್ ಬಾಗಿಲ ತನಕ ಹೋಗಿ, ಬೋಲ್ಟನ್ ಕೈಲಿ 3-0 ಸೋತು ವಾಪಸ್ ಬಂತು. 2007ರಲ್ಲಿ ಆತ ಹೋಗಿದ್ದು ಪಕ್ಕದ ಬರ್ನ್‌ಲಿಗೆ. ಇಲ್ಲಿಯವರಿಗೆ ಹೊಟ್ಟೆ ಉರಿಸುವ ಊರುಗಳಲ್ಲಿ ಅದೂ ಒಂದು. ಅಲ್ಲಿ 2009ರಲ್ಲಿ, 37ನೇ ವಯಸ್ಸಿಗೆ, ಮೊದಲ ಸಲ ಪ್ರೀಮಿಯರ್ ಲೀಗ್ ಆಡಿದ. ಅದೇ ತಿಂಗಳು ಬರ್ನ್‌ಲಿ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ಡನ್ನೇ 1-0 ಸೋಲಿಸಿತು. ಸೀಸನ್ ಮುಗಿಯುವಷ್ಟರಲ್ಲಿ ಮತ್ತೆ ಕೆಳಗಿನ ದರ್ಜೆಗೆ ಬಿತ್ತು, ಆ ಮಾತು ಬೇರೆ. 2011ರಲ್ಲಿ ಆತನ ಪಂದ್ಯಗಳು ಸಾವಿರ ದಾಟಿದವು.

ಕೊನೆಗೆ ಪ್ರೆಸ್ಟನ್‌ಗೇ ವಾಪಸ್. 2012ರ ಏಪ್ರಿಲ್ 28, ಶನಿವಾರ. ಪಕ್ಕದ ಮನೆಯವರ ಹತ್ತಿರ ಒಂದು ಟಿಕೆಟ್ ಉಳಿದಿತ್ತು ಅಂತ ಪ್ರೆಸ್ಟನ್ ತಂಡದ ಮೈದಾನ ಡೀಪ್‌ಡೇಲ್‌ಗೆ ಹೋಗಿದ್ದೆ. ಎದುರಿಗೆ ಚಾರ್ಲ್‌ಟನ್, ಆಗಲೇ ಮೂರನೇ ದರ್ಜೆಯ ಲೀಗ್ ಒನ್ ಗೆದ್ದು ಮುಗಿಸಿದವರು. ನಾವು 1-2 ಹಿಂದೆ. ನಲವತ್ತು ವರ್ಷದ ಅಲೆಕ್ಸಾಂಡರ್ ಬದಲಿ ಆಟಗಾರನಾಗಿ ಇಳಿದಿದ್ದ. ಹೆಚ್ಚುವರಿ ನಿಮಿಷಗಳಲ್ಲಿ ಎದುರಾಳಿಯ ತಪ್ಪಿಗೆ ನಮಗೆ ಒಂದು ಫ್ರೀ ಕಿಕ್ ಸಿಕ್ಕಿತು. ಆತ ಒದ್ದ ಚೆಂಡು ನೆಟ್ ಒಳಗೆ! ಊರಲ್ಲಿ ತೇರು ಅಲುಗಿದಾಗ ಏಳುತ್ತಲ್ಲ, ಅಂಥ ಕೂಗು. ಮಳೆ ಚಳಿ ಬಿಟ್ಟು ಬೇರೇನೂ ಮಾತಾಡದ ನಮ್ಮ ಪಕ್ಕದ ಮನೆಯವರು ನನ್ನ ಭುಜ ಹಿಡಿದು ಕುಣಿಸಿದರು. ಕೈಲಿದ್ದ ಪೈ ಮುಂದಿನ ಸಾಲಿನವರ ಬೆನ್ನ ಮೇಲೆ ಬಿತ್ತು. ಅವರು ತಿರುಗಿ ನೋಡಲೂ ಇಲ್ಲ.

ಹುಡುಗ ಆ ಗೋಲ್ ಹುಡುಕಿ ನೋಡಿದ. ‘ಇದು ಗೋಲ್ ಅಲ್ವಾ ಅಂಕಲ್, ಡಿಫೆಂಡಿಂಗ್ ಎಲ್ಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ವರ್ಷಗಳ ಕಾಲ ಗೋಲ್ ತಡೆಯುತ್ತಾ ಹಿಂದೆ ನಿಂತಿದ್ದನ್ನು ತೋರಿಸುವ ವಿಡಿಯೋ ಎಲ್ಲಿಂದ ತರೋಣ?

ಜಾಗ ಮುಗಿಯುತ್ತಿದೆ, ಸೂಚನೆಗಳು: ಯುಗಾದಿ ಊಟಕ್ಕೆ ಶುಕ್ರವಾರದೊಳಗೆ ಹೆಸರು ಕೊಡಿ. ಭಾನುವಾರ ನಾಟಕ ನಾಲ್ಕಕ್ಕೆ ಅಂದ್ರೆ ನಾಲ್ಕಕ್ಕೇ. ಆ ವಾರ ಕನ್ನಡ ಶಾಲೆಗೆ ರಜೆ. ಬೇವಿನ ಹೂ ತರಿಸಿಟ್ಟವರು ದಯವಿಟ್ಟು ತಿಳಿಸಿ. ನಮ್ಮ ಅಡುಗೆಮನೆ ನೋಡಿಕೊಳ್ಳುತ್ತಿದ್ದ ದಂಪತಿ ಮುಂದಿನ ತಿಂಗಳು ಮೈಸೂರಿಗೆ ವಾಪಸ್. ಅವರ ಕೆಲಸಕ್ಕೆ ಇನ್ನೂ ಯಾರೂ ಕೈ ಎತ್ತಿಲ್ಲ. ಕುರ್ಚಿ ಹಾಕೋಕೆ ಜನ ಸಿಗುತ್ತಾರೆ, ತೆಗೆಯೋ ಹೊತ್ತಿಗೆ ಎಲ್ಲರಿಗೂ ಮಕ್ಕಳ ಹೋಂವರ್ಕ್ ನೆನಪಾಗುತ್ತೆ. ಈ ಪತ್ರಿಕೆಗೂ ಪ್ರೂಫ್ ನೋಡುವವರು ಬೇಕು. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದಿದ್ದನ್ನು ಫೋನಲ್ಲಿ ಹೇಳಿಕೊಡುತ್ತೇನೆ. ರಾತ್ರಿ ಹನ್ನೊಂದರ ಮೇಲೆ ಮಾಡಿ, ಎದ್ದೇ ಇರುತ್ತೇನೆ.