ಬೋರ್ ನೀರಲ್ಲಿ ಕಾರ್ ತೊಳೆದ್ಮೇಲೆ ಒರೆಸೋದೇ ಮುಖ್ಯ

ಸಂಪಾದಕರಿಗೆ ನಮಸ್ಕಾರ,

ಮಂಡ್ಯದಲ್ಲಿ ನಮ್ಮನೆ ಹತ್ರ ಒಂದು ಕಡೆ ವಾಟರ್ ವಾಶ್‌ಗೆ ಕಾರ್ ಬಿಟ್ಟಿದ್ದೆ, ಬೋರ್ ನೀರು ಹೊಡೆದು ಮಟಮಟ ಮಧ್ಯಾಹ್ನದ ಬಿಸಿಲಲ್ಲೇ ಒಣಗೋಕೆ ನಿಲ್ಸಿದ್ರು, ಕಪ್ಪು ಬಾನೆಟ್ ಮೇಲೆ ಒಂದೊಂದು ಹನಿ ಇದ್ದ ಜಾಗದಲ್ಲೂ ಬಿಳಿ ಉಂಗುರ, ಬೆರಳಾಡಿಸಿದ್ರೆ ತರಿತರಿ. ಹೊಟ್ಟೆ ಉರಿದೋಯ್ತು. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ನೀರಿನ ಜೊತೆ ಆವಿ ಆಗಲ್ಲ, ಅಲ್ಲೇ ಕೂತ್ಕೊಳ್ಳುತ್ತೆ, ಸ್ನಾನದ ಬಕೆಟ್‌ಗೆ ಬಿಳಿ ಕಟ್ಟೋದೂ ಇದೇ.

ಹಂಗಾಗಿ ಈಗ ಮನೇಲೇ, ಬೆಳಿಗ್ಗೆ ಹೊತ್ತು, ನೆರಳಲ್ಲಿ, ಬಾನೆಟ್ ಬಿಸಿ ಆರಿದ್ಮೇಲೇ ತೊಳೆಯೋದು. ಕೊನೇಲಿ ಪೈಪಿನ ನಾಝಲ್ ತೆಗೆದು ಟಾಪ್ ಮೇಲಿಂದ ನಿಧಾನಕ್ಕೆ ನೀರು ಬಿಟ್ರೆ ಹಾಳೆ ಥರ ಜಾರುತ್ತೆ, ಹನಿ ಕಮ್ಮಿ ನಿಲ್ಲುತ್ತೆ. ಆಮೇಲೆ ದೊಡ್ಡ ಮೈಕ್ರೋಫೈಬರ್ ಟವೆಲ್ ಹಾಸಿ ಮೆಲ್ಲಗೆ ಎಳೀಬೇಕು ಅಷ್ಟೇ, ತಿಕ್ಕಬಾರ್ದು, ಹಳೇ ಬನಿಯನ್ ಅಂತೂ ಬೇಡ್ವೇ ಬೇಡ. ಮಿರರ್ ಸಂದಿ, ಡೋರ್ ಹ್ಯಾಂಡಲ್ ಒಳಗಿಂದ ಆಮೇಲೂ ನೀರು ಸೋರ್ತಾನೇ ಇರುತ್ತೆ, ಹತ್ತು ನಿಮಿಷ ಬಿಟ್ಟು ಇನ್ನೊಂದ್ಸಲ ಒರೆಸಿ. ಹೊಸ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ನಿಮಿಷ ಒದ್ದೆಬಟ್ಟೆ ಇಟ್ಟು ತೊಳೆದ್ರೆ ಹೋಗುತ್ತೆ, ಹಳೇದಾಗಿ ಪೇಂಟ್ ತಿಂದಿದ್ರೆ ಪಾಲಿಶೇ ಗತಿ.

ವಾಶ್ ಮಾಡೋ ಅಣ್ಣಂದಿರು ದಯವಿಟ್ಟು ಒಂದು ಶೀಟ್ ನೆರಳಾದ್ರೂ ಹಾಕ್ಸಿ, ಗಾಡಿ ಕೊಡೋ ಮುಂಚೆ ಒಂದ್ಸಲ ಪೂರ್ತಿ ಒರೆಸ್ಕೊಡಿ.

– ಒಬ್ಬ ಓದುಗ, ಮಂಡ್ಯ