ಅಡ್ಡಗುಣಾಕಾರಕ್ಕೆ ಮೊದಲು

ಹುಬ್ಬಳ್ಳಿ

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಅನುಪಾತ, ಸಮಾನುಪಾತಗಳ ಪಾಠ ಶುರುವಾಗಿದೆಯೆಂದೂ, ಅಡ್ಡಗುಣಾಕಾರ (ಸಮವಾದ ಎರಡು ಭಿನ್ನರಾಶಿಗಳಲ್ಲಿ ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸುವುದು) ಕಲಿತ ಮೇಲೆ ಯಾವ ಲೆಕ್ಕ ಕಂಡರೂ ಅದನ್ನೇ ಹಚ್ಚುತ್ತೀಯೆಂದೂ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ವಿಧಾನದಲ್ಲಿ ದೋಷವಿಲ್ಲ. ಆದರೆ ಎರಡು ಅಳತೆಗಳ ನಡುವೆ ಸಮಾನುಪಾತ ಇದೆಯೋ, ಅಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಯಾವಾಗಲೂ ಒಂದೇ ಉತ್ತರ ಬರುತ್ತದೋ, ಇಲ್ಲವೋ ಎಂದು ನೋಡದೆ ಬಳಸಿದರೆ, ಅದು ತಪ್ಪು ಉತ್ತರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಕೊಡುತ್ತದೆ.

ನಮ್ಮ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುವುದು ನಿನಗೆ ಗೊತ್ತು. ಧ್ವಜ ಯಾವ ಗಾತ್ರದ್ದೇ ಆಗಲಿ, ಉದ್ದ ಮತ್ತು ಎತ್ತರ 3:2 ಅನುಪಾತದಲ್ಲಿರಬೇಕೆಂಬುದು ಧ್ವಜ ಸಂಹಿತೆಯ ನಿಯಮ. ಅದರ ಪಟ್ಟಿಯಲ್ಲಿರುವ ಒಂಬತ್ತು ಗಾತ್ರಗಳಲ್ಲಿ ಅತಿ ಚಿಕ್ಕದು 150 ಮಿ.ಮೀ. ಉದ್ದ, 100 ಮಿ.ಮೀ. ಎತ್ತರ, ಇನ್ನೊಂದು 900 ಉದ್ದ, 600 ಎತ್ತರ. ಕಳೆದು ನೋಡಿದರೆ ಒಂದರಲ್ಲಿ 50, ಇನ್ನೊಂದರಲ್ಲಿ 300. ಭಾಗಿಸಿ ನೋಡಿದರೆ ಎರಡರಲ್ಲೂ ಒಂದೂವರೆ. ಉದ್ದಕ್ಕೆ 750 ಸೇರಿತೆಂದು ಎತ್ತರಕ್ಕೂ 750 ಕೂಡಿಸಿದರೆ 850 ಆಗಿ, ಬಟ್ಟೆ ಹೆಚ್ಚುಕಡಿಮೆ ಚೌಕವಾಗಿಬಿಡುತ್ತದೆ. ನಿನ್ನ ವಯಸ್ಸಿನ ಮಕ್ಕಳು ಬಹಳವಾಗಿ ಎಡವುವುದು ಈ ಕೂಡಿಸುವ ಚಾಳಿಯಲ್ಲೇ.

ಇನ್ನು ನಡುವಿನ ಅಶೋಕಚಕ್ರಕ್ಕೆ ಬಾ. 600 ಎತ್ತರದ ಧ್ವಜಕ್ಕೆ ಚಕ್ರದ ವ್ಯಾಸ 185 ಮಿ.ಮೀ.; 1200 ಎತ್ತರದ್ದಕ್ಕೆ 370, 1800ರದ್ದಕ್ಕೆ 555. ಇಲ್ಲಿಯವರೆಗೆ ಸಮಾನುಪಾತವೇ. ಇದೇ ಧೈರ್ಯದಲ್ಲಿ 100 ಎತ್ತರದ ಪುಟ್ಟ ಧ್ವಜಕ್ಕೂ ಲೆಕ್ಕ ಹಾಕಿದರೆ ಸುಮಾರು 31 ಬರುತ್ತದೆ, ಆದರೆ ಪಟ್ಟಿಯಲ್ಲಿರುವುದು 25! ಮೂರು ಸಾಲು ಹೊಂದಿತೆಂದು ನಾಲ್ಕನೆಯದೂ ಹೊಂದಲೇಬೇಕೆಂಬ ಕಟ್ಟಳೆಯಿಲ್ಲ. ಪ್ರತಿ ಜೋಡಿಯನ್ನೂ ಭಾಗಿಸಿಯೇ ನೋಡಬೇಕು.

ಬಟ್ಟೆಯ ಲೆಕ್ಕ ಇದಕ್ಕಿಂತಲೂ ಮೋಸದ್ದು. ಉದ್ದ 900ರಿಂದ 1800ಕ್ಕೆ ಏರಿದಾಗ ಎತ್ತರವೂ ಇಮ್ಮಡಿಯಾಗುವುದರಿಂದ, ಬಟ್ಟೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು. ಕೆಲಸದ ಲೆಕ್ಕದಲ್ಲಂತೂ ದಿಕ್ಕೇ ತಿರುಗುತ್ತದೆ: ನಾಲ್ವರು ಆರು ದಿನ ಹೊಲಿಯುವ ಕೆಲಸವನ್ನು ಅದೇ ವೇಗದ ಹನ್ನೆರಡು ಜನ ಎರಡೇ ದಿನಗಳಲ್ಲಿ ಮುಗಿಸುತ್ತಾರೆ, ಭಾಗಲಬ್ಧದ ಬದಲು ಗುಣಲಬ್ಧ ಸ್ಥಿರವಾಗಿ ನಿಲ್ಲುತ್ತದೆ.

ಹಿಂದಿನವರಿಗೂ ಈ ಎಚ್ಚರವಿತ್ತು. 499ರಲ್ಲಿ ಗಣಿತಜ್ಞ ಆರ್ಯಭಟ ತ್ರೈರಾಶಿಕವನ್ನು, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ವಿಧಾನವನ್ನು, ಹೇಳುವಾಗ ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕೆಂದ. ಪ್ರಮಾಣವೆಂದರೆ ಗೊತ್ತಿರುವ ಅಳತೆ, ಫಲವೆಂದರೆ ಅದಕ್ಕೆ ಸಿಗುವ ಉತ್ತರ, ಇಚ್ಛೆಯೆಂದರೆ ಉತ್ತರ ಬೇಕಾಗಿರುವ ಹೊಸ ಅಳತೆ. ನಮ್ಮ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ, ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವ ವ್ಯಸ್ತ ತ್ರೈರಾಶಿಕದಲ್ಲಿ ಈ ಕ್ರಮವನ್ನು ತಿರುವಬೇಕೆಂದು ತಿಳಿಸಿದ. ನಿನ್ನ ಅಡ್ಡಗುಣಾಕಾರ ಇದೇ ತ್ರೈರಾಶಿಕ, ಬರೆಯುವ ರೀತಿ ಮಾತ್ರ ಬೇರೆ.

ಆದ್ದರಿಂದ ಲೆಕ್ಕಕ್ಕೆ ಕೈಹಾಕುವ ಮೊದಲು ಒಂದು ಅಳತೆ ಇಮ್ಮಡಿಯಾದರೆ ಇನ್ನೊಂದು ಏನಾಗುತ್ತದೆಂದು ಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆದುಕೋ. ಪಟ್ಟಿಯ ಅತಿ ದೊಡ್ಡ ಧ್ವಜದ ಎತ್ತರ 4200, ಚಕ್ರದ ವ್ಯಾಸ 1295 ಮಿ.ಮೀ.; ಅದು 185ರ ಸಾಲಿಗೆ ಸೇರುತ್ತದೋ 25ರ ಸಾಲಿಗೋ ಎಂಬುದನ್ನು ಭಾಗಿಸಿ ನೋಡಿ, ಉತ್ತರವನ್ನು ಕಾರಣಸಹಿತ ಬರೆದು ಕಳಿಸು.

ಇತಿ,
ನಿನ್ನ ದೊಡ್ಡಪ್ಪ