ಮರೆವಿಗೆ ಚಹಾ ಕುಡಿಯುವ ಮೊದಲು

ಮಾನ್ಯ ಸಂಪಾದಕರೇ,

ನೆನಪಿನ ಶಕ್ತಿಗೆ ಗಿಡಮೂಲಿಕೆ ಚಹಾ ಕುಡಿಯಿರಿ ಎಂಬ ಲೇಖನ ನಿಮ್ಮ ಆರೋಗ್ಯ ಪುಟದಲ್ಲಿ ಓದಿದೆ. ನಾಲ್ಕು ತಿಂಗಳು ಅದನ್ನೇ ಮಾಡಿದವಳು ನಾನು. ಹಾಗಾಗಿ ಈ ಪತ್ರ.

ನನಗೆ 64 ವರ್ಷ. ಮೂವತ್ತು ವರ್ಷ ಗಣಿತ ಪಾಠ ಮಾಡಿದ್ದೇನೆ. ಕಳೆದ ವರ್ಷ ಗೊತ್ತಿರುವವರ ಹೆಸರುಗಳೇ ಬಾಯಿಗೆ ಬರದಂತಾದವು. ಒಂದು ದಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅವಳ ಮಗನ ಹೆಸರೇ ಹೊಳೆಯಲಿಲ್ಲ. ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಕೈ ನಡುಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಬ್ರಾಹ್ಮಿ ಮತ್ತು ಗಿಂಕ್ಗೊ (ಚೀನಾ ಮೂಲದ ಒಂದು ಮರದ ಎಲೆ) ಬೆರೆಸಿದ ಚಹಾ ತರಿಸಿಕೊಂಡು ಬೆಳಿಗ್ಗೆ ಸಂಜೆ ಕುಡಿಯತೊಡಗಿದೆ.

ಸುಮ್ನೆ ಕುಡಿಯಲಿಲ್ಲ, ಲೆಕ್ಕ ಇಟ್ಟೆ. ಮೊಮ್ಮಗಳು ದಿನಾ ಸಂಜೆ 12 ಪದ ಓದುತ್ತಿದ್ದಳು. ಹತ್ತು ನಿಮಿಷ ಬಿಟ್ಟು ನೆನಪಿದ್ದಷ್ಟನ್ನು ನಾನು ಬರೆಯುತ್ತಿದ್ದೆ. ಮೊದಲ ವಾರ 5, 6, 5. ನಾಲ್ಕನೇ ತಿಂಗಳಲ್ಲೂ 6, 5, 6. ಒಮ್ಮೆ 8 ಬಂತು, ಅದು ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದ ದಿನ.

ಆಮೇಲೆ ಪಾದ ಜೋಮು ಹಿಡಿಯತೊಡಗಿತು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಬಿ12 ತುಂಬಾ ಕಡಿಮೆ ಇತ್ತು. ಸಕ್ಕರೆ ಕಾಯಿಲೆಗೆ 11 ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಅದನ್ನು ಬಹಳ ಕಾಲ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದಂತೆ. ಬಿ12 ಕಡಿಮೆಯಾದರೆ ಜೋಮೂ ಬರಬಹುದು, ಮರೆವೂ ಬರಬಹುದು. ಥೈರಾಯ್ಡ್ ಕುಂದಿದರೂ ಹೀಗಾಗಬಹುದು. ಬಿ12 ಚುಚ್ಚುಮದ್ದು ಶುರುವಾಗಿ ಮೂರು ತಿಂಗಳಾಯಿತು. ಈಗ ಪದಗಳ ಲೆಕ್ಕದಲ್ಲಿ 8, 9 ಕಾಣುತ್ತಿದೆ. ಚಹಾ ಕುಡಿಯುತ್ತಾ ಕಳೆದ ಆ ನಾಲ್ಕು ತಿಂಗಳು ನೆನೆದರೆ ಸಂಕಟವಾಗುತ್ತದೆ.

ಅದಕ್ಕಿಂತ ಜಾಸ್ತಿ ಹೆದರಿಸಿದ್ದು ಇನ್ನೊಂದು. ನಮ್ಮ ಯಜಮಾನರು ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುತ್ತಾರೆ. ಒಳ್ಳೆಯದಲ್ವಾ ಎಂದು ಅವರಿಗೂ ದಿನಾ ಒಂದು ಲೋಟ ಕೊಡುತ್ತಿದ್ದೆ. ಅಂಥ ಮಾತ್ರೆಯ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು ಎಂದು ಡಾಕ್ಟರ್ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಇಷ್ಟಕ್ಕೂ ಗಿಂಕ್ಗೊದಿಂದ ಮರೆವಿನ ಕಾಯಿಲೆ ತಡೆಯಬಹುದೇ ಎಂದು ಅಮೆರಿಕದಲ್ಲಿ 3,069 ಹಿರಿಯರ ಮೇಲೆ ಸುಮಾರು 6 ವರ್ಷ ಪರೀಕ್ಷೆ ನಡೆದಿದೆ. ಅರ್ಧದಷ್ಟು ಜನರಿಗೆ ದಿನಕ್ಕೆ 240 ಮಿಲಿಗ್ರಾಂ ಸಾರ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ತಡೆಯಲಿಲ್ಲ ಎಂದು 2008ರಲ್ಲೇ ಪ್ರಕಟವಾಗಿದೆ.

ಬ್ರಾಹ್ಮಿಯ ಕಥೆ ಬೇರೆ. ಆ ಹೆಸರಿನಲ್ಲಿ ಎರಡು ಗಿಡ ಇವೆ. ಒಂದು ಒಂದೆಲಗ, ದುಂಡಗಿನ ಎಲೆಯದು. ಇನ್ನೊಂದು ನೀರುಬ್ರಾಹ್ಮಿ, ಪುಟ್ಟ ದಪ್ಪ ಎಲೆಯದು. ನೆನಪಿನ ಬಗ್ಗೆ ಸ್ವಲ್ಪ ಭರವಸೆ ಕಂಡ ಚಿಕ್ಕ ಪರೀಕ್ಷೆಗಳು ಹೆಚ್ಚಾಗಿ ನೀರುಬ್ರಾಹ್ಮಿಯವು. ಅವುಗಳಲ್ಲಿ ಬಳಸಿದ್ದು ಅಳೆದು ಕೊಟ್ಟ ಸಾರ, ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ, ಅದೂ 12 ವಾರ. ನನ್ನ ಪೊಟ್ಟಣದ ಮೇಲೆ ಬರೀ ‘ಬ್ರಾಹ್ಮಿ’ ಎಂದಿತ್ತು. ಯಾವ ಗಿಡ, ಎಷ್ಟು, ಒಂದೂ ಇರಲಿಲ್ಲ.

ಚಹಾ ಬೇಡ ಎನ್ನುತ್ತಿಲ್ಲ. ಸಂಜೆ ಪುದೀನ ಚಹಾ ಈಗಲೂ ಕುಡಿಯುತ್ತೇನೆ, ಆ ಘಮ ಇಷ್ಟ. ಆದರೆ ನಿಮ್ಮ ಪುಟವನ್ನು ನಂಬಿ ಓದುವವರಲ್ಲಿ ನನ್ನ ವಯಸ್ಸಿನವರು ಬಹಳ ಇದ್ದೇವೆ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಗಿಡದ ಪೂರ್ತಿ ಹೆಸರು ಕೊಡಿ. ಯಾವ ಮಾತ್ರೆ ತೆಗೆದುಕೊಳ್ಳುವವರು ಕುಡಿಯಬಾರದು ಎಂಬುದನ್ನು ಲೇಖನದ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ. ಮರೆವು ಹೊಸದಾಗಿ ಶುರುವಾಗಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂಬ ಸಾಲನ್ನೂ ದಯವಿಟ್ಟು ಸೇರಿಸಿ.

– ನಿವೃತ್ತ ಶಿಕ್ಷಕಿ